ಹೊಟ್ಟೆ ತುಂಬಿದೆ, ಮೈ ಹಿಡಿದಿಲ್ಲ: ಜತ್ತ ಭಾಗದ ಕುರಿಗಳಿಗೆ ಕಣಿಕೆಯ ಜೊತೆ ದ್ವಿದಳ ಮೇವು

(ಗಡಿನಾಡ ಕನ್ನಡ ಪ್ರದೇಶಗಳ ಕೃಷಿ ಮತ್ತು ಬದುಕು ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)

  

ಈ ಗೋಷ್ಠಿಯಲ್ಲಿ ನನಗಿಂತ ಮುಂಚೆ ಮಾತಾಡಿದವರು ಶಾಲೆ, ಶಾಸನ, ಭಾಷೆಯ ಬಗ್ಗೆ ಹೇಳಿದರು. ನಾನು ಕುರಿಯ ಹೊಟ್ಟೆಯ ಬಗ್ಗೆ ಮಾತಾಡ್ತೀನಿ. ವಿಷಯ ಬೇರೆ ಅನ್ನಿಸಬಹುದು, ಆದರೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ, ಅಂದರೆ ಉಮದಿ, ಸಂಖ, ಮಾಡಗ್ಯಾಳ ಈ ಕಡೆಯ ಊರುಗಳಲ್ಲಿ, ಕನ್ನಡ ಮಾತಾಡುವ ಮನೆ ಅಂದರೆ ಬಹಳ ಸಲ ನಾಲ್ಕು ಕುರಿ ಇರುವ ಮನೆ. ಮಳೆ ವರ್ಷಕ್ಕೆ 500 ಮಿ.ಮೀ. ಆಸುಪಾಸು, ಅದೂ ಬಹುಪಾಲು ಸೆಪ್ಟೆಂಬರ್ ಆಚೆ ಈಚೆ. ಜೂನ್ ಮಳೆಯನ್ನು ನಂಬಿ ಯಾರೂ ಸಾಲ ಮಾಡೋದಿಲ್ಲ. ಅಂಥ ನೆಲದಲ್ಲಿ ಬ್ಯಾಂಕ್ ಖಾತೆಗಿಂತ ಹಳೆಯ ಖಾತೆ ಕುರಿ. ಮಗಳ ಮದುವೆ, ಆಸ್ಪತ್ರೆ, ಬೋರ್‌ವೆಲ್, ಎಲ್ಲಕ್ಕೂ ಮೊದಲು ಸಂತೆಗೆ ಹೋಗೋದು ಕುರಿಯೇ.

ಅಲ್ಲಿನ ಹಿರಿಯರೊಬ್ಬರು ಬೇಸಿಗೆಯಲ್ಲಿ ತಮ್ಮ ಕುರಿ ತೋರಿಸಿ ಒಂದು ಮಾತು ಹೇಳಿದ್ದರು. "ಹೊಟ್ಟಿ ತುಂಬೇತ್ರಿ, ಆದರ ಮೈ ಹಿಡಿವಲ್ಲವು." ಪಶು ಆಹಾರ ಶಾಸ್ತ್ರದಲ್ಲಿ ಒಂದು ಇಡೀ ಅಧ್ಯಾಯ ಹೇಳುವುದನ್ನು ಅವರು ಆರು ಪದದೊಳಗೆ ಹೇಳಿ ಮುಗಿಸಿದರು. ನನ್ನ ಇವತ್ತಿನ ಮಾತು ಆ ವಾಕ್ಯದ ವಿವರಣೆ ಅಷ್ಟೇ. ಹೊಟ್ಟೆ ತುಂಬಿಯೂ ಮೈ ಹಿಡಿಯದೇ ಇರೋದು ಯಾಕೆ, ಶೇಂಗಾ ಹೊಟ್ಟೋ ಅಲಸಂದಿ ಮೇವೋ ಸ್ವಲ್ಪ ಸೇರಿಸಿದರೆ ಏನಾಗ್ತದೆ, ಎಷ್ಟು ಸೇರಿಸಬೇಕು, ಇರೋದೇ ಕಡಿಮೆ ಆದಾಗ ಯಾವ ಕುರಿಗೆ ಕೊಡಬೇಕು.

ಮೊದಲು ಮೇವಿನ ಹೆಸರುಗಳು. ನಮ್ಮ ಪಠ್ಯಗಳಲ್ಲಿ "ಬೆಳೆ ಉಳಿಕೆ" ಅಂತ ಒಂದೇ ಪದ ಬಳಸಿ ಎಲ್ಲವನ್ನೂ ಒಂದೇ ಗೋಣಿಗೆ ತುಂಬ್ತೀವಿ. ಹಳ್ಳಿಯವರು ಹಾಗೆ ಮಾಡೋದಿಲ್ಲ. ಜೋಳದ್ದು ಕಣಿಕೆ, ಮಾತಿನಲ್ಲಿ ಕಣಕಿ. ಕಬ್ಬಿನದು ರವದಿ. ತೊಗರಿ, ಶೇಂಗಾ, ಹುರಳಿ, ಹೆಸರು, ಮಡಿಕೆ ಇವುಗಳದ್ದು ಹೊಟ್ಟು. ಈ ಹೆಸರಿನ ವ್ಯತ್ಯಾಸದಲ್ಲೇ ಅರ್ಧ ವಿಜ್ಞಾನ ಇದೆ. ಕಣಿಕೆ, ರವದಿ ಏಕದಳದವು, ಹೊಟ್ಟು ಬಹುತೇಕ ದ್ವಿದಳದ್ದು. ಕಾಳು ಬಡಿದ ಮೇಲೆ ಉಳಿಯೋದು ಹೊಟ್ಟು. ಇದಲ್ಲದೆ, ಗಿಡ ಇನ್ನೂ ಹಸಿರಿರುವಾಗಲೇ, ಹೂ-ಮಿಡಿ ಹಂತದಲ್ಲೇ ಕೊಯ್ದು ಒಣಗಿಸಿ ಇಡುವ ಮೇವು ಇನ್ನೊಂದು ಬಗೆ. ನಮ್ಮ ಕಡೆ ಇದಕ್ಕೆ ಬೇರೆ ಹೆಸರೇ ಇಲ್ಲ, ಯಾಕೆಂದರೆ ಆ ರೂಢಿ ಕಡಿಮೆ. ನಾನು ಅದನ್ನು "ಒಣಮೇವು" ಅಂತ ಕರೀತೀನಿ. ಹೊಟ್ಟು ಬೇರೆ, ಒಣಮೇವು ಬೇರೆ. ಇದನ್ನು ದಯವಿಟ್ಟು ನೆನಪಿಡಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಜೋಳದ ಕಣಿಕೆಯನ್ನು ನಾನು ತೆಗಳ್ತಾ ಇಲ್ಲ. ಹಿಂಗಾರಿ ಮಾಲದಂಡಿ ಜೋಳ, ಅಂದರೆ ಎಂ. 35-1, ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಸ್ಥಳೀಯ ಜೋಳದಿಂದಲೇ ಆರಿಸಿ ತೆಗೆದದ್ದು.  ಇಷ್ಟು ವರ್ಷವಾದರೂ ರೈತರು ಅದನ್ನು ಬಿಡದೇ ಇರೋದಕ್ಕೆ ಕಾಳಿನ ರುಚಿ ಒಂದು ಕಾರಣ, ಕಣಿಕೆ ಇನ್ನೊಂದು. ಎತ್ತಿಗೆ, ಎಮ್ಮೆಗೆ ಅದು ಒಳ್ಳೆಯ ಮೇವು. ಆದರೆ ಕಾಳು ಬಲಿತು ಒಣಗಿದ ಮೇಲೆ ಅದರಲ್ಲಿ ಉಳಿಯುವ ಕಚ್ಚಾ ಪ್ರೋಟೀನ್ ನೂರಕ್ಕೆ 3ರಿಂದ 5. ನಾರು ನೂರಕ್ಕೆ 65-70. ಗಿಡ ತನ್ನಲ್ಲಿದ್ದ ಸಾರಜನಕವನ್ನೆಲ್ಲ ತೆನೆಗೆ ಸಾಗಿಸಿಬಿಟ್ಟಿರ್ತದೆ, ನಮಗೆ ಸಿಗೋದು ಖಾಲಿಯಾದ ಮನೆ.

ಈಗ ಕುರಿಯ ಒಳಗೆ ಹೋಗೋಣ.

ಕುರಿ ಕಣಿಕೆಯನ್ನು ತಾನು ಜೀರ್ಣಿಸೋದಿಲ್ಲ. ಅದರ ಮೊದಲ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ, ಕೋಟ್ಯಂತರ ಸೂಕ್ಷ್ಮಜೀವಿಗಳಿವೆ, ನಾರನ್ನು ಒಡೆಯೋದು ಅವು. ಅಂದರೆ ಕುರಿ ಸಾಕೋದು ಅಂದರೆ ಮೊದಲು ಆ ಸೂಕ್ಷ್ಮಜೀವಿಗಳನ್ನು ಸಾಕೋದು. ಅವಕ್ಕೂ ಊಟ ಬೇಕು, ಮುಖ್ಯವಾಗಿ ಸಾರಜನಕ. ರೂಮೆನ್ ದ್ರವದಲ್ಲಿ ಅಮೋನಿಯಾ ಸಾರಜನಕ ಲೀಟರಿಗೆ ಕನಿಷ್ಠ 50 ಮಿಲಿಗ್ರಾಂ ಇದ್ದರೆ ಅವುಗಳ ಬೆಳವಣಿಗೆಗೆ ತೊಂದರೆಯಿಲ್ಲ ಎಂದು ಸ್ಯಾಟರ್ ಮತ್ತು ಸ್ಲೈಟರ್ 1974ರಲ್ಲಿ ತೋರಿಸಿದರು. ಆ ಅಂಕಿಯ ಮೇಲೆ ಆಮೇಲೆ ವಾದಗಳಾದವು. ಒರಟು ನಾರು ಒಡೆಯೋದಕ್ಕೆ ಇನ್ನೂ ಹೆಚ್ಚು ಬೇಕು ಅನ್ನುವವರಿದ್ದಾರೆ. ಮೇವಿನ ಲೆಕ್ಕದಲ್ಲಿ ಹೇಳೋದಾದರೆ, ಒಟ್ಟು ಆಹಾರದಲ್ಲಿ ಕಚ್ಚಾ ಪ್ರೋಟೀನ್ ನೂರಕ್ಕೆ 7ಕ್ಕಿಂತ ಕೆಳಗಿಳಿದರೆ ಕುರಿ ತಿನ್ನೋದೇ ಕಡಿಮೆ ಆಗ್ತದೆ. ಕಣಿಕೆ ಇರೋದು 4ರಲ್ಲಿ.

ಕಡಿಮೆ ತಿನ್ನೋದು ಯಾಕೆ? ಹಸಿವಿಲ್ಲದೆ ಅಲ್ಲ, ಜಾಗ ಇಲ್ಲದೆ. ಸೂಕ್ಷ್ಮಜೀವಿಗಳು ಸೊರಗಿದಾಗ ನಾರು ನಿಧಾನವಾಗಿ ಒಡೀತದೆ, ಒಡೆಯದ ನಾರು ಮುಂದಿನ ಹೊಟ್ಟೆಗೆ ಹೋಗೋದಿಲ್ಲ, ರೂಮೆನ್ ತುಂಬಿಕೊಂಡೇ ಇರ್ತದೆ. ಕುರಿ ಮೆಲುಕು ಹಾಕ್ತಾ ಕೂರ್ತದೆ, ನೋಡಿದವರಿಗೆ ತೃಪ್ತಿಯಾಗಿರುವ ಹಾಗೆ ಕಾಣ್ತದೆ. ಎಡ ಪಕ್ಕೆ ಉಬ್ಬಿರ್ತದೆ, ಬೆನ್ನ ಮೇಲೆ ಕೈ ಇಟ್ಟರೆ ಮೂಳೆ ಸಿಗ್ತದೆ. "ಹೊಟ್ಟಿ ತುಂಬೇತಿ, ಮೈ ಹಿಡಿವಲ್ಲವು" ಅಂದದ್ದು ಇದೇ. ಇಲ್ಲಿ ಇನ್ನೊಂದು ನಷ್ಟವೂ ಇದೆ. ಕೊನೆಗೆ ಆ ಸೂಕ್ಷ್ಮಜೀವಿಗಳೇ ಮುಂದಕ್ಕೆ ಹರಿದು ಸಣ್ಣ ಕರುಳಿನಲ್ಲಿ ಕುರಿಗೆ ಪ್ರೋಟೀನ್ ಆಗ್ತವೆ. ಅವೇ ಕಡಿಮೆಯಾದರೆ ಕುರಿಗೆ ಎರಡು ಕಡೆಯಿಂದ ಪೆಟ್ಟು.

ಇಂಥ ಹೊಟ್ಟೆಗೆ ಸ್ವಲ್ಪ ದ್ವಿದಳ ಮೇವು ಹೋದಾಗ ಮೂರು ನಾಲ್ಕು ಕೆಲಸ ಒಟ್ಟಿಗೆ ಆಗ್ತವೆ. ಸಾರಜನಕ ಸಿಗ್ತದೆ, ಅದು ಎಲ್ಲಕ್ಕೂ ಮುಖ್ಯ. ದ್ವಿದಳದ ಎಲೆ ಬೇಗ ಪುಡಿಯಾಗಿ ಮುಂದೆ ಸಾಗ್ತದೆ, ರೂಮೆನ್‌ನಲ್ಲಿ ಜಾಗ ಬಿಡ್ತದೆ. ಕಣಿಕೆಯಲ್ಲಿ ಕಡಿಮೆ ಇರುವ ಸುಣ್ಣದಂಶ ಮತ್ತು ಇತರ ಖನಿಜಗಳೂ ಬರ್ತವೆ. ಜೊತೆಗೆ ಆ ಮೇವಿನದೇ ಶಕ್ತಿ ಇದೆ. ಹಾಗಾಗಿ ಕೇವಲ ಯೂರಿಯಾ ಕೊಟ್ಟಾಗ ಆಗದ ಕೆಲಸ ಇದರಿಂದ ಆಗ್ತದೆ. ಆಸ್ಟ್ರೇಲಿಯಾದಲ್ಲಿ ಮಿನ್ಸನ್ ಮತ್ತು ಮಿಲ್‌ಫೋರ್ಡ್ 1967ರಲ್ಲಿ ಬಲಿತ ಪಾಂಗೋಲಾ ಹುಲ್ಲಿನ ಜೊತೆ ದ್ವಿದಳ ಮೇವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಕುರಿಗಳಿಗೆ ಕೊಟ್ಟು ನೋಡಿದ್ದು ಈ ಕ್ಷೇತ್ರದ ಹಳೆಯ, ಈಗಲೂ ಉಲ್ಲೇಖವಾಗುವ ಕೆಲಸ. ತಳದ ಮೇವು ತೀರಾ ಬಡವಾಗಿದ್ದಾಗ ಮೊದಲ ಸ್ವಲ್ಪ ದ್ವಿದಳವೇ ಹೆಚ್ಚು ಕೆಲಸ ಮಾಡ್ತದೆ ಅನ್ನೋದು ಅದರಿಂದ ನಮಗೆ ಬೇಕಾದ ಪಾಠ.

ಆ "ಮೊದಲ ಸ್ವಲ್ಪ" ಎಷ್ಟು? ಇಲ್ಲಿ ನಮ್ಮ ಕರಪತ್ರಗಳು ತಪ್ಪು ಮಾಡ್ತವೆ ಅಂತ ನನ್ನ ಅಭಿಪ್ರಾಯ. "ನೂರಕ್ಕೆ 25 ದ್ವಿದಳ ಮೇವು ಸೇರಿಸಿ" ಅಂತ ಒಂದೇ ಸಾಲು ಬರೆದು ಬಿಡ್ತಾರೆ. ಯಾವ ದ್ವಿದಳ? ಲೆಕ್ಕ ಹಾಕಿ ನೋಡೋಣ, ಕಷ್ಟದ ಲೆಕ್ಕವೇನಲ್ಲ.

ಕಣಿಕೆಯಲ್ಲಿ ಪ್ರೋಟೀನ್ 4 ಅಂತ ಇಟ್ಟುಕೊಳ್ಳಿ. ನಮ್ಮ ಗುರಿ 7. ಕುದುರೆ ಮಸಾಲೆ ಸೊಪ್ಪಿನ, ಅಂದರೆ ಲೂಸರ್ನ್‌ನ, ಒಳ್ಳೆಯ ಒಣಮೇವಿನಲ್ಲಿ 18 ಇರ್ತದೆ. ಕಣಿಕೆಗಿಂತ 14 ಹೆಚ್ಚು. ನಮಗೆ ಬೇಕಾಗಿರೋದು 3 ಏರಿಕೆ. 3ನ್ನು 14ರಿಂದ ಭಾಗಿಸಿದರೆ ನೂರಕ್ಕೆ 21. ಹೂ-ಮಿಡಿಯಲ್ಲಿ ಕೊಯ್ದ ಅಲಸಂದಿ ಒಣಮೇವಿನಲ್ಲಿ 15 ಆಸುಪಾಸು, ಆಗ ನೂರಕ್ಕೆ 27 ಬೇಕು. ಇಲ್ಲಿಯವರೆಗೆ ಕರಪತ್ರ ಸರಿ. ಈಗ ಶೇಂಗಾ ಹೊಟ್ಟು ತಗೊಳ್ಳಿ. ಎಲೆ ಉಳಿದಿದ್ದರೆ 10. ಕಣಿಕೆಗಿಂತ 6 ಮಾತ್ರ ಹೆಚ್ಚು. ಆಗ ಬೇಕಾದದ್ದು ಅರ್ಧಕ್ಕರ್ಧ! ಎಲೆ ಉದುರಿ, ಬರೀ ಬಳ್ಳಿ ಉಳಿದು, 7ಕ್ಕೆ ಇಳಿದಿದ್ದರೆ ಎಷ್ಟು ಬೆರೆಸಿದರೂ ಗುರಿ ಮುಟ್ಟೋದಿಲ್ಲ. ಪೂರ್ತಿ ಅದನ್ನೇ ಹಾಕಿದರೆ ಸರಿಯಾಗಿ 7. ಅಂದರೆ ಯಾವ ಹೊಟ್ಟು, ಎಲೆ ಎಷ್ಟು ಅನ್ನೋದನ್ನು ಬಿಟ್ಟು ಶೇಕಡಾವಾರು ಹೇಳೋದು ಅರ್ಥವಿಲ್ಲದ ಮಾತು.

ಕಡಲೆ ಹೊಟ್ಟಂತೂ ಹೆಸರಿಗೆ ದ್ವಿದಳ, ಪ್ರೋಟೀನ್‌ನಲ್ಲಿ ಬಹಳ ಸಲ ಕಣಿಕೆಯ ನೆಂಟ. 5-6 ಇದ್ದರೆ ಹೆಚ್ಚು. ತೊಗರಿ ಹೊಟ್ಟು ಕಣದಲ್ಲಿ ಏನು ಉಳೀತು ಅನ್ನೋದರ ಮೇಲೆ ನಿಂತಿದೆ. ಎಲೆ, ಬುಡ್ಡೆಯ ಸಿಪ್ಪೆ, ನುಚ್ಚು ಸೇರಿದ್ದರೆ ಚೆನ್ನ. ಕಟ್ಟಿಗೆ ಮುರಿದು ಬೆರೆತಿದ್ದರೆ ಅದು ಒಲೆಗೆ ಸರಿ.

ಎಲೆ ಅಂದೆ. ದ್ವಿದಳ ಮೇವಿನ ಬೆಲೆ ಎಲ್ಲ ಎಲೆಯಲ್ಲಿದೆ. ಲೂಸರ್ನ್‌ನಂಥ ಗಿಡದಲ್ಲಿ ಕಾಂಡಕ್ಕಿಂತ ಎಲೆಯಲ್ಲಿ ಪ್ರೋಟೀನ್ ಎರಡು ಪಟ್ಟಿಗೂ ಹೆಚ್ಚು. ಆದರೆ ಮೊದಲು ಒಣಗೋದೂ ಎಲೆ, ಮೊದಲು ಉದುರೋದೂ ಎಲೆ. ಮಧ್ಯಾಹ್ನದ ಬಿಸಿಲಲ್ಲಿ ಅಲಸಂದಿ ಹೊರೆ ತಿರುವಿ ಹಾಕಿದರೆ ನೆಲದ ಮೇಲೆ ಹಸಿರು ಪುಡಿ ಬೀಳ್ತದಲ್ಲ, ಅದೇ ನಿಮ್ಮ ಹಿಂಡಿ, ಅದು ಮಣ್ಣಿಗೆ ಹೋಯಿತು. ಬೆಳಗಿನ ಇಬ್ಬನಿ ಆರುವ ಮುಂಚೆ ತಿರುವಬೇಕು, ಸಾಗಿಸೋದೂ ಆಗಲೇ. ಒಂದು ದಿನ ಹೊಲದಲ್ಲಿ ಬಾಡಿಸಿ, ಆಮೇಲೆ ನೆರಳಲ್ಲಿ ಒಣಗಿಸಿದರೆ ಬಣ್ಣವೂ ಉಳೀತದೆ, ಎಲೆಯೂ ಉಳೀತದೆ. ಕೆಳಗೆ ಹಳೆಯ ಸೀರೆಯೋ ತಾಡಪತ್ರಿಯೋ ಹಾಸಿದರೆ ಉದುರಿದ್ದೂ ಸಿಗ್ತದೆ. ಇದೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಆದರೆ 15 ಇದ್ದ ಮೇವು 10ಕ್ಕೆ ಇಳಿಯೋದು ಈ ಸಣ್ಣ ವಿಷಯದಲ್ಲೇ.

ಶೇಂಗಾದಲ್ಲಿ ಎಲೆ ಉದುರೋದಕ್ಕೆ ಇನ್ನೊಂದು ಕಾರಣ ರೋಗ. ಎಲೆಚುಕ್ಕೆ, ತುಕ್ಕು ರೋಗ ಬಂದರೆ ಕೀಳುವ ಹೊತ್ತಿಗೆ ಗಿಡದಲ್ಲಿ ಎಲೆಯೇ ಇರೋದಿಲ್ಲ. ಇಲ್ಲಿ ನಮ್ಮ ಗೋಷ್ಠಿಗೆ ಸಂಬಂಧಿಸಿದ ಇನ್ನೊಂದು ಗಡಿಯ ಸಂಗತಿ ಹೇಳ್ತೀನಿ. ಮಡಕಶಿರಾ, ರಾಯದುರ್ಗದ ಕಡೆಯ ಸ್ನೇಹಿತರು ಇಲ್ಲಿದ್ದಾರೆ. ಹಳೆಯ ಅನಂತಪುರ ಜಿಲ್ಲೆ ಅಂದರೆ ಶೇಂಗಾದ ನೆಲ. ಅಲ್ಲಿ ಪಟಂಚೇರುವಿನ ಇಕ್ರಿಸ್ಯಾಟ್ ಅಭಿವೃದ್ಧಿ ಮಾಡಿದ ಐ.ಸಿ.ಜಿ.ವಿ. 91114 ಎಂಬ ತಳಿಯನ್ನು ರೈತರ ಹೊಲದಲ್ಲಿ ಹಾಕಿ ನೋಡಿದಾಗ, ಕಾಯಿಯ ಇಳುವರಿಯ ಜೊತೆಗೆ ಅದರ ಹೊಟ್ಟನ್ನು ತಿಂದ ಹಸುಗಳ ಹಾಲನ್ನೂ ಅಳೆದರು, ಹಾಲು ಹೆಚ್ಚಿತ್ತು. ತಳಿ ಆಯ್ಕೆ ಮಾಡುವಾಗ ಕಾಳಿನ ತೂಕ ಮಾತ್ರ ನೋಡದೆ ಹೊಟ್ಟಿನ ಗುಣವನ್ನೂ ನೋಡಬೇಕು ಅನ್ನೋ ಮಾತು ಆಗ ಗಟ್ಟಿಯಾಯಿತು. ರೈತರಿಗೆ ಇದು ಹೊಸದಲ್ಲ. "ಈ ಹೊಟ್ಟು ದನ ಮುಟ್ಟಂಗಿಲ್ಲ" ಅಂತ ಒಂದು ತಳಿಯನ್ನು ಕೈಬಿಟ್ಟವರನ್ನು ನೀವೂ ನೋಡಿರ್ತೀರಿ.

ಇನ್ನು ನಿಜವಾದ ಇಕ್ಕಟ್ಟಿಗೆ ಬರ್ತೀನಿ. ಹೊಟ್ಟು ಸಾಕಷ್ಟಿದ್ದರೆ ಈ ಉಪನ್ಯಾಸವೇ ಬೇಡ, ಎಲ್ಲ ಕುರಿಗೂ ಹಾಕಬಹುದು. ಜತ್ತದಲ್ಲಿ ಅದು ಇಲ್ಲ. ಮ್ಹೈಸಾಳ ಏತ ನೀರಾವರಿ ಬಂದ ಊರುಗಳಲ್ಲಿ ದ್ರಾಕ್ಷಿ, ದಾಳಿಂಬೆ ಬಂದವು, ಕಣಿಕೆಯೂ ಹೊಟ್ಟೂ ಕಡಿಮೆಯಾದವು. ನೀರು ಬಾರದ ಊರುಗಳಲ್ಲಿ ಇದ್ದ ಹೊಟ್ಟನ್ನು ಎಮ್ಮೆ ಕಟ್ಟಿದವರು ಕೊಳ್ತಾರೆ. ಮನೆಯಲ್ಲಿ ಉಳಿದದ್ದು ಯಾರಿಗೆ ಹೋಗ್ತದೆ? ಟಗರಿಗೆ. ಬಕ್ರೀದಿಗೆ ಮಾರುವ ಟಗರು ಬಾಗಿಲ ಮುಂದೆ ಕಟ್ಟಿರ್ತದೆ. ಅದಕ್ಕೆ ಶೇಂಗಾ ಹೊಟ್ಟು, ಮೆಕ್ಕೆಜೋಳ, ಹಿಂಡಿ. ಮಾಡಗ್ಯಾಳ ಟಗರಿನ ಬಾಗಿದ ಮೂಗು, ಬಿಳಿ ಮೈಯ ಮೇಲೆ ಕಂದು ಮಚ್ಚೆ ನೋಡಿ ಸಂತೆಯಲ್ಲಿ ಜನ ನಿಲ್ತಾರೆ, ಬೆಲೆ ಬರ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಮನೆಯ ಗಬ್ಬದ ಕುರಿಗಳು ಬಿಸಿಲಲ್ಲಿ ಬಯಲು ಸುತ್ತಿ, ಸಂಜೆ ದೊಡ್ಡಿಗೆ ಬಂದು ಕಣಿಕೆ ಮೂಸ್ತಾವೆ.

ದಿನಗಳ ಲೆಕ್ಕ ನೋಡಿ. ಕುರಿಯ ಗರ್ಭಾವಧಿ ಸುಮಾರು 150 ದಿನ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಗಬ್ಬ ನಿಂತ ಕುರಿಗಳು ಕಾರಹುಣ್ಣಿಮೆಯ ಹೊತ್ತಿನಿಂದ ಆಷಾಢ ಮುಗಿಯುವುದರೊಳಗೆ ಈಯುತ್ತವೆ. ಹೊಟ್ಟೆಯೊಳಗಿನ ಮರಿಯ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಬೆಳವಣಿಗೆ ಆಗೋದು ಕೊನೆಯ ಆರು ವಾರದಲ್ಲಿ. ಆ ಆರು ವಾರ ಬೀಳೋದು ಮೇ, ಜೂನ್, ಜುಲೈನಲ್ಲಿ. ಜತ್ತದ ಬಯಲಲ್ಲಿ ಹುಲ್ಲಿನ ಎಸಳೂ ಇಲ್ಲದ ತಿಂಗಳುಗಳು ಅವು. ಇದರ ಜೊತೆಗೆ ಬೆಳೆದ ಗರ್ಭ ರೂಮೆನ್ನನ್ನು ಒತ್ತುತ್ತದೆ, ಒರಟು ಮೇವಿಗೆ ಜಾಗ ಇನ್ನೂ ಕಡಿಮೆ. ಬೇಡಿಕೆ ಏರುವಾಗಲೇ ಜಾಗ ಕುಗ್ಗುತ್ತದೆ. ಹೀಗೆ ಈದ ಕುರಿಯ ಮರಿ ಸಣ್ಣದು, ಗಿಣ್ಣದ ಹಾಲು ಕಡಿಮೆ, ತಾಯಿ ಮರಿಯನ್ನು ನೆಕ್ಕದೆ ನಡೆದುಬಿಡೋದೂ ಉಂಟು. ಮೊದಲ ವಾರದಲ್ಲಿ ಮರಿ ಸತ್ತರೆ "ಗಾಳಿ ತಾಕಿತು" ಅಂತಾರೆ. ಬಹಳ ಸಲ ತಾಕಿದ್ದು ಗಾಳಿಯಲ್ಲ, ಮೇ ತಿಂಗಳ ಕಣಿಕೆ.

ಹಾಗಾದರೆ ಒಂದು ಗಬ್ಬದ ಕುರಿಗೆ ಎಷ್ಟು ಬೇಕು? 35 ಕಿಲೋ ತೂಕದ ಕುರಿ ಅಂದುಕೊಳ್ಳಿ. ಬರೀ ಕಣಿಕೆ ಹಾಕಿದರೆ ದಿನಕ್ಕೆ ಒಣಾಂಶದ ಲೆಕ್ಕದಲ್ಲಿ 600 ಗ್ರಾಂ ತಿಂದೀತು. ಅದರಲ್ಲಿ ಪ್ರೋಟೀನ್ 24 ಗ್ರಾಂ. ಬರೀ ಜೀವ ಹಿಡಿದಿಟ್ಟುಕೊಳ್ಳೋಕೆ 50-60 ಗ್ರಾಂ ಬೇಕು. ಕೊನೆಯ ಆರು ವಾರದಲ್ಲಿ 80-90. ಅಂದರೆ ಬೇಕಾದದ್ದರ ಮೂರನೇ ಒಂದು ಪಾಲೂ ಸಿಕ್ಕಿಲ್ಲ. ಉಳಿದದ್ದನ್ನು ಅದು ತನ್ನ ಮಾಂಸಖಂಡದಿಂದಲೇ ತೆಗೆದು ಮರಿಗೆ ಕೊಡ್ತದೆ.

ಈಗ ಅದಕ್ಕೆ 350 ಗ್ರಾಂ ಒಳ್ಳೆಯ ಅಲಸಂದಿ ಅಥವಾ ಲೂಸರ್ನ್ ಒಣಮೇವು, ಪ್ರೋಟೀನ್ 16 ಇರುವಂಥದ್ದು, ಕೊಟ್ಟರೆ 56 ಗ್ರಾಂ ಅಲ್ಲಿಂದ ಬಂತು. ಕಣಿಕೆಯಿಂದ 24. ಒಟ್ಟು 80. ಮುಟ್ಟಿದೆವು. ಅದೇ ಕೆಲಸ ಶೇಂಗಾ ಹೊಟ್ಟಿನಿಂದ ಆಗಬೇಕಾದರೆ 400 ಗ್ರಾಂ ಹೊಟ್ಟಿಗೆ 40, ಸ್ವಲ್ಪ ಕಡಿಮೆಯಾದ ಕಣಿಕೆಗೆ 22, ಒಟ್ಟು 62. ಕೊರತೆ ಉಳೀತು. ಅದಕ್ಕೆ 60 ಗ್ರಾಂ ಶೇಂಗಾ ಹಿಂಡಿ ಸೇರಿಸಬೇಕು. ಅಂದರೆ ಹಸಿರಿದ್ದಾಗ ಕೊಯ್ದ ಒಣಮೇವು ಹಿಂಡಿಯ ಖರ್ಚನ್ನು ಉಳಿಸ್ತದೆ, ಹೊಟ್ಟು ಅದನ್ನು ಅರ್ಧ ಮಾತ್ರ ಉಳಿಸ್ತದೆ. ಶಕ್ತಿಯ ಲೆಕ್ಕದಲ್ಲಿ ಎರಡರಲ್ಲೂ ಸ್ವಲ್ಪ ಕೊರತೆ ಇದ್ದೇ ಇರ್ತದೆ, ಈಯುವ ಮುಂಚಿನ ಎರಡು ಮೂರು ವಾರ ಒಂದು ಹಿಡಿ ಮೆಕ್ಕೆಜೋಳದ ನುಚ್ಚು ಕೊಟ್ಟರೆ ಅದು ತುಂಬ್ತದೆ. ಅವಳಿ ಮರಿಯ ಕುರಿಗೆ ಇದು ಬೇಕೇಬೇಕು.

ಇದನ್ನು ಹಿಂಡಿಗೆ ಗುಣಿಸಿ. 20 ಗಬ್ಬದ ಕುರಿ, 45 ದಿನ, ತಲೆಗೆ 350 ಗ್ರಾಂ. 315 ಕಿಲೋ. ಗಾಳಿಯಲ್ಲಿ ಒಣಗಿದ ಮೇವಿನಲ್ಲಿ ನೂರಕ್ಕೆ 10 ನೀರು ಇರೋದನ್ನು ಸೇರಿಸಿದರೆ 350 ಕಿಲೋ. ಇಷ್ಟೇ. ವರ್ಷವಿಡೀ ಎಲ್ಲ ಕುರಿಗೂ ಅಂದಾಗ ಅಸಾಧ್ಯವಾಗಿ ಕಾಣೋದು, ಯಾರಿಗೆ ಯಾವಾಗ ಅಂತ ಗುರುತಿಸಿದ ಕೂಡಲೇ ಒಂದು ಎತ್ತಿನ ಬಂಡಿಯ ಮಾತಾಗ್ತದೆ. ಮಳೆ ಸಾಧಾರಣವಾಗಿ ಬಿದ್ದರೆ ಅರ್ಧ ಎಕರೆ ಅಲಸಂದಿ, ಅಥವಾ ಸಜ್ಜೆಯ ಸಾಲಿನ ನಡುವೆ ಅಕ್ಕಡಿ ಹಾಕಿದ ಮಡಿಕೆ-ಅಲಸಂದಿಯಿಂದ ಇದು ಬಹುಮಟ್ಟಿಗೆ ಸಿಗ್ತದೆ. ಬೋರ್ ಇದ್ದವರು ದಾಳಿಂಬೆ ತೋಟದ ಬದುವಿನಲ್ಲಿ ಬೇಲಿ ಮೆಂತ್ಯ ಹಾಕಿ ತಿಂಗಳಿಗೊಮ್ಮೆ ಕೊಯ್ದು ಒಣಗಿಸಿ ಕೂಡಿಡಬಹುದು. ತೋಟಕ್ಕೆ ಔಷಧಿ ಹೊಡೆದ ದಿನ ಅದರ ಮೇಲೆ ಬೀಳದಂತೆ ನೋಡಿಕೊಳ್ಳಬೇಕು, ಅದನ್ನು ಮರೆತರೆ ಕಷ್ಟ.

ಹಾಕುವ ರೀತಿಯ ಬಗ್ಗೆ ಎರಡು ಮಾತು. ಕುರಿ ಆರಿಸಿ ತಿನ್ನುವ ಪ್ರಾಣಿ, ತುಟಿ ಚೂಪು. ಕಣಿಕೆ ಪೆಂಡಿ ಬಿಚ್ಚಿ ಹಾಕಿದರೆ ಎಲೆ ತಿಂದು ದಂಟು ಬಿಡ್ತದೆ. ಅದಕ್ಕೆ ಬೈಯಬೇಡಿ. ಬಿಟ್ಟದ್ದನ್ನು ಎಮ್ಮೆಗೆ ಹಾಕಿ. ಸ್ವಲ್ಪ ಹೆಚ್ಚೇ ಹಾಕಿ ಆರಿಸೋಕೆ ಬಿಟ್ಟರೆ ಕುರಿ ತನ್ನ ಊಟದ ಗುಣವನ್ನು ತಾನೇ ಏರಿಸಿಕೊಳ್ತದೆ. ಕಣಿಕೆ ದಂಡಿಯಾಗಿ ಇಲ್ಲದವರು ಕತ್ತರಿಸಿ ಹಾಕಲಿ, ಆಗ ವ್ಯರ್ಥ ಕಡಿಮೆ. ದ್ವಿದಳ ಒಣಮೇವನ್ನು ಸಂಜೆ ದೊಡ್ಡಿಗೆ ಬಂದ ಮೇಲೆ ಕೊಡೋದು ಒಳ್ಳೆಯದು, ಬೆಳಿಗ್ಗೆ ಕೊಟ್ಟರೆ ಬಯಲಲ್ಲಿ ಬಾಯಿ ಆಡಿಸೋದು ಕಡಿಮೆಯಾಗ್ತದೆ. ದಿನಾ ಕೊಡಲೇಬೇಕು ಅಂತಲೂ ಇಲ್ಲ. ಕುರಿ ತನ್ನ ರಕ್ತದಲ್ಲಿರುವ ಯೂರಿಯಾವನ್ನು ಜೊಲ್ಲಿನ ಮೂಲಕ, ರೂಮೆನ್ ಗೋಡೆಯ ಮೂಲಕ ಮತ್ತೆ ಹೊಟ್ಟೆಗೆ ಕಳಿಸ್ತದೆ, ಹಾಗಾಗಿ ದಿನ ಬಿಟ್ಟು ದಿನ ಎರಡರಷ್ಟು ಕೊಟ್ಟರೂ ಕೆಲಸ ನಡೀತದೆ. ಒಬ್ಬಂಟಿ ಮುದುಕಿ 20 ಕುರಿ ಕಾಯುವ ಮನೆಯಲ್ಲಿ ಇದು ದೊಡ್ಡ ಅನುಕೂಲ.

ಯಾವ ಕುರಿ ಬಡವಾಗಿದೆ ಅಂತ ತಿಳಿಯೋಕೆ ತಕ್ಕಡಿ ಬೇಡ. ಸಂತೆಯಲ್ಲಿ ದಲ್ಲಾಳಿ ಕುರಿಯ ನಡದ ಮೇಲೆ ಹೆಬ್ಬೆರಳು ಒತ್ತಿ ನೋಡ್ತಾನಲ್ಲ, ನಮ್ಮ ಪಠ್ಯದ 1ರಿಂದ 5ರ ಮೈಕಟ್ಟಿನ ಅಂಕ ಅದೇ. ಮಾರುವಾಗ ಮಾಡುವ ಪರೀಕ್ಷೆಯನ್ನು ಈಯುವ ಎರಡು ತಿಂಗಳ ಮುಂಚೆ ಮಾಡಿ, ಬೆನ್ನೆಲುಬು ಚೂಪಾಗಿ ಸಿಕ್ಕಿದ ಕುರಿಗಳಿಗೆ ಸುಣ್ಣದ ಗುರುತು ಹಚ್ಚಿ ಸಂಜೆ ಬೇರೆ ಮಾಡಿದರಾಯಿತು.

ಪ್ರಶ್ನೋತ್ತರ

ಒಬ್ಬ ವಿದ್ಯಾರ್ಥಿನಿ: ಕಣಿಕೆಗೆ ಯೂರಿಯಾ ಉಪಚಾರ ಮಾಡೋದು ಇದಕ್ಕಿಂತ ಅಗ್ಗ ಅಲ್ಲವಾ ಸರ್?

ಕಾಗದದ ಮೇಲೆ ಅಗ್ಗ. 100 ಕಿಲೋ ಒಣ ಮೇವಿಗೆ 4 ಕಿಲೋ ಯೂರಿಯಾ, 50-60 ಲೀಟರ್ ನೀರು, ಗಾಳಿಯಾಡದಂತೆ ಮುಚ್ಚಿ 21 ದಿನ. ಎಲ್ಲರೂ ಪರೀಕ್ಷೆಯಲ್ಲಿ ಬರೆದಿದ್ದೇವೆ. ಜೀರ್ಣತೆ ಏರೋದು ನಿಜ. ಆದರೆ ಮೇ ತಿಂಗಳಲ್ಲಿ ಕುಡಿಯೋಕೆ ಟ್ಯಾಂಕರ್ ಕಾಯುವ ಊರಲ್ಲಿ 60 ಲೀಟರ್ ನೀರನ್ನು ಕಣಿಕೆಗೆ ಚಿಮುಕಿಸಿ ಅಂತ ನಾನು ಹೇಳಲಾರೆ. ಅಲ್ಲದೆ ಯೂರಿಯಾ ಕರಗಿಸಿದ ಬಕೆಟ್ಟಿಗೆ ಕುರಿ ಬಾಯಿ ಹಾಕಿದರೆ ಸಾಯ್ತದೆ. ನೀರಿರುವ ಕಡೆ, ಸುಗ್ಗಿಯಾದ ಕೂಡಲೇ ಮಾಡಿದರೆ ಸರಿ.

ಒಬ್ಬ ಪ್ರಾಧ್ಯಾಪಕರು: ಶೇಂಗಾ ಹೊಟ್ಟಿನ ಬೂಷ್ಟಿನ ಬಗ್ಗೆ ನೀವು ಹೇಳಲಿಲ್ಲ.

ಹೇಳಬೇಕಿತ್ತು, ಬಿಟ್ಟುಹೋಯಿತು. ಕಿತ್ತ ಮೇಲೆ ಮಳೆ ಬಿದ್ದು ಬಣವಿಯಲ್ಲಿ ಬಿಸಿಯಾದ ಹೊಟ್ಟಿನಲ್ಲಿ ಆಸ್ಪರ್ಜಿಲಸ್ ಬೆಳೆದು ಅಫ್ಲಾಟಾಕ್ಸಿನ್ ಬರಬಹುದು, ಗಬ್ಬದ ಕುರಿಗೂ ಮರಿಗೂ ಅದು ಕೆಟ್ಟದ್ದು. ಬೂಷ್ಟು ವಾಸನೆ ಬಂದ ಹೊಟ್ಟನ್ನು ಗೊಬ್ಬರದ ಗುಂಡಿಗೆ ಹಾಕಬೇಕು. ಮಣ್ಣು ಹತ್ತಿದ ಬೇರಿನ ಭಾಗವನ್ನೂ ಜಾಡಿಸಿ ಹಾಕಬೇಕು.

ಇನ್ನೊಬ್ಬ ವಿದ್ಯಾರ್ಥಿ: ಒಣ ದ್ವಿದಳ ಮೇವಿಗೂ ಹೊಟ್ಟೆ ಉಬ್ಬರ ಬರ್ತದಾ?

ಹಸಿ ಲೂಸರ್ನ್ ಹಸಿದ ಕುರಿಗೆ ಹಾಕಿದರೆ ಬರ್ತದೆ. ಒಣಗಿಸಿದ ಮೇವಿಗೆ ಅದು ಅಪರೂಪ. ಆದರೂ ಮೊದಲ ವಾರ 100 ಗ್ರಾಂನಿಂದ ಶುರು ಮಾಡಿ ಏರಿಸಿ, ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೂ ಹೊಸ ಊಟ ರೂಢಿಯಾಗಬೇಕು.

ಅದೇ ವಿದ್ಯಾರ್ಥಿ: ನಮ್ಮ ಊರಿಗೆ ಬರುವ ಮಾಹಿತಿ ಎಲ್ಲ ಮರಾಠಿಯಲ್ಲಿ ಇರ್ತದೆ. ಮನೆಯವರಿಗೆ ಅರ್ಥ ಆಗ್ತದೆ, ಆದರೂ ಏನೋ ತಪ್ತದೆ.

ಹೌದು, ಏನು ತಪ್ತದೆ ಅಂತ ಒಂದು ಉದಾಹರಣೆ ಕೊಡ್ತೀನಿ. ಮರಾಠಿಯಲ್ಲಿ "ಪೆಂಡ" ಅಂದರೆ ಹಿಂಡಿ. "ಪೆಂಢಿ" ಅಂದರೆ ಕಟ್ಟು, ಸೂಡು. ನಮ್ಮವರು ಕಣಿಕೆ ಕಟ್ಟಿಗೆ ಪೆಂಡಿ ಅಂತಾರೆ. ಗಬ್ಬದ ಕುರಿಗೆ ಪೆಂಡ ಹಾಕಿ ಅಂತ ಓದಿಸಿಕೊಂಡ ಅಜ್ಜಿ ಇನ್ನೊಂದು ಕಟ್ಟು ಕಣಿಕೆ ಬಿಚ್ಚಿ ಹಾಕಿದರೆ ಅವರ ತಪ್ಪಿಲ್ಲ. ಜೊತೆಗೆ "ಚಾರಾ" ಅನ್ನೋ ಒಂದು ಪದದಲ್ಲಿ ಕಣಿಕೆ, ಹೊಟ್ಟು, ಹಸಿ ಮೇವು ಎಲ್ಲ ಮುಳುಗಿಹೋಗ್ತವೆ. ಮನೆಗೆ ಹೋದಾಗ ನೀವೇ ಒಂದು ಕೆಲಸ ಮಾಡಿ. ನಿಮ್ಮ ಅಟ್ಟದ ಮೇಲಿನ ಹೊಟ್ಟನ್ನು ಒಂದು ಹಿಡಿ ತೆಗೆದು ಮೊರದಲ್ಲಿ ಹಾಕಿ ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ ಮಾಡಿ ತೋರಿಸಿ. ಅರ್ಧಕ್ಕಿಂತ ಹೆಚ್ಚು ಎಲೆ ಇದ್ದರೆ ಅದನ್ನು ಎಮ್ಮೆಯವರಿಗೆ ಮಾರದೆ ಕಾರಹುಣ್ಣಿಮೆಗೆ ಈಯುವ ಕುರಿಗಳಿಗೆ ಎತ್ತಿಡೋಕೆ ಹೇಳಿ. ಕಡ್ಡಿಯೇ ಹೆಚ್ಚಿದ್ದರೆ ಮಾರಿ, ಆ ದುಡ್ಡಿನಲ್ಲಿ ಹಿಂಡಿ ತರಲಿ.